ನೀರು ಕೇಳದ ಗಿಡ

ಅವರೆಕಾಳಿನ ಸಾರಿಗೆ ಉಪ್ಪು ಬಿದ್ದಿರಲಿಲ್ಲ. ವರ್ಷಕ್ಕೊಮ್ಮೆ ಬರುವ ಕಾಳು, ಅದರ ಸೊಗಡು ಕಗ್ಗದಾಸಪುರದ ಆ ಬೀದಿಗೆಲ್ಲ ಹಬ್ಬಿತ್ತು. ಬಾಯಲ್ಲಿ ನೀರೂರಿಸಿಕೊಂಡು ಕೂತಿದ್ದ ಮುನೀಂದ್ರ ಮುದ್ದೆ ಮುರಿದು, ಸಾರಿಗೆ ಅದ್ದಿ ಬಾಯಿಗಿಟ್ಟವನೇ ಮುಖ ಕಿವಿಚಿದ.

"ಏನೇ ಇದು? ಇವತ್ತೂ ಉಪ್ಪಿಲ್ಲ."

"ಹಾಕಿದೆ ಅನ್ಕೊಂಡೆ," ಎಂದಳು ಅವನ ಹೆಂಡತಿ ಸುಕನ್ಯ.

"ನೀನು ಅನ್ಕೊಂಡ್ರೆ ಸಾರಿಗೆ ಬಿದ್ಬಿಡುತ್ತಾ?"

"ರುಚಿ ನೋಡಿದ್ರೆ ತಾನೆ ಗೊತ್ತಾಗೋದು," ಎಂದಳು ಅತ್ತೆ ಮಾರಕ್ಕ, ತಟ್ಟೆಯಿಂದ ಕಣ್ಣೆತ್ತದೆ. "ಅವಳ ನಾಲಗೆ ಸತ್ತೋಗೈತೆ."

"ಸುಮ್ನಿರಿ ಅಜ್ಜಿ. ಉಪ್ಪು ಇಲ್ಲೇ ಇದೆ, ಹಾಕ್ಕೊಂಡ್ರಾಯ್ತು," ಎಂದು ಕಾಲೇಜಿಗೆ ಹೋಗುವ ಮಗಳು ಪ್ರಿಯದರ್ಶಿನಿ ಡಬ್ಬವನ್ನು ಮುಂದೆ ತಳ್ಳಿದಳು.

ಅತ್ತೆ ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ದೀಪಾವಳಿ ಕಳೆದ ವಾರದಲ್ಲಿ ಮಾವ ದೊಡ್ಡಮುನಿಯಪ್ಪ ತೀರಿಕೊಂಡಾಗಿನಿಂದ ಸುಕನ್ಯಳಿಗೆ ಉಪ್ಪೂ ಒಂದೇ, ಹುಳಿಯೂ ಒಂದೇ. ಹಲ್ಲು ಕೀಳುವ ಮುಂಚೆ ಡಾಕ್ಟರು ಸೂಜಿ ಚುಚ್ಚಿದ ದವಡೆ ಹೇಗಿರುತ್ತದೋ ಹಾಗಿದ್ದಳು. ಹಾಗಂತ ಹಾಸಿಗೆ ಹಿಡಿದಿರಲಿಲ್ಲ. ಬೆಳಗ್ಗೆ ಏಳುತ್ತಿದ್ದಳು, ಬಾಗಿಲಿಗೆ ನೀರು ಚಿಮುಕಿಸಿ ರಂಗೋಲಿ ಎಳೆಯುತ್ತಿದ್ದಳು, ಮಗಳಿಗೆ ಡಬ್ಬಿ ಕಟ್ಟುತ್ತಿದ್ದಳು. ಯಾರಾದರೂ ಬೈದರೆ ಕೇಳಿಸಿಕೊಳ್ಳುತ್ತಿದ್ದಳು. ಅಷ್ಟೇ.

ಆ ಮನೆಯವರು ಊರಿನ ಹಳೇ ಒಕ್ಕಲು. ಹೊಲ ಇದ್ದಷ್ಟು ದಿನ ದೊಡ್ಡಮುನಿಯಪ್ಪ ಕನಕಾಂಬರ ಬೆಳೆದು, ಸೈಕಲ್ಲಿಗೆ ಬುಟ್ಟಿ ಕಟ್ಟಿಕೊಂಡು ಶಿವಾಜಿನಗರದ ಮಾರ್ಕೆಟ್ಟಿಗೆ ಹೂ ಹಾಕಿ ಬರುತ್ತಿದ್ದವರು. ಹೊಲವೆಲ್ಲ ಲೇಔಟಾಗಿ, ಮನೆಯ ಹಿಂದೆ ಬಾಡಿಗೆ ರೂಮುಗಳು ಮೂರು ಮಹಡಿ ಎದ್ದು ನಿಂತ ಮೇಲೆ ಅವರ ಪಾಲಿಗೆ ಉಳಿದ ಮಣ್ಣೆಂದರೆ ಮನೆ ಮುಂದಿನ ಅಂಗಳ. ಅಲ್ಲೇ ಮಲ್ಲಿಗೆ, ದಾಸವಾಳ, ಪನ್ನೀರು ಗುಲಾಬಿ. ಬೆಳಗ್ಗೆ ಅವರು ನೀರು ಹಾಯಿಸುತ್ತಿದ್ದರೆ ಸುಕನ್ಯ ಕಾಫಿ ಲೋಟ ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದಳು. ಒಂದು ಲೋಟ ಕಾಫಿ ಮುಗಿಯುವಷ್ಟು ಹೊತ್ತು ಯಾರೂ ಅವಳನ್ನು ಕೂಗಬಾರದು ಎಂಬುದು ಮಾವನ ಅಪ್ಪಣೆ. "ಕಾಫಿ ಕುಡೀತವ್ಳೆ, ಆಮೇಲೆ ಬತ್ತಾಳೆ," ಎಂದು ಒಳಗಿನವರಿಗೆ ಅವರೇ ಉತ್ತರ ಕೊಡುತ್ತಿದ್ದರು. ಹಲಸೂರಿನಿಂದ ಈ ಮನೆಗೆ ಬಂದು ಇಪ್ಪತ್ತು ವರ್ಷವಾದರೂ, ತನ್ನದು ಅಂತ ಅವಳು ಕಾಲೂರಿ ನಿಂತ ಜಾಗ ಅದೊಂದೇ.

ಈಗ ಮಾವ ಇಲ್ಲ. ಅವರ ಹಿಂದೆಯೇ ಬೋರ್‌ವೆಲ್ಲೂ ಕೈಕೊಟ್ಟಿತು. ಟ್ಯಾಂಕರ್ ನೀರಿನಲ್ಲಿ ಸ್ನಾನವೇ ಅರ್ಧ ಬಕೆಟ್ಟಿಗೆ ಇಳಿದಿರುವಾಗ ಗುಲಾಬಿಯನ್ನು ಕೇಳುವವರು ಯಾರು? ಸಾಲಾಗಿ ಒಣಗಿದವು.

"ಆ ಜಾಗ ಸುಮ್ನೆ ಬಿದ್ದೈತೆ," ಎಂದ ಮುನೀಂದ್ರ, ಉಪ್ಪು ಕಲಸಿಕೊಳ್ಳುತ್ತ. "ಸಿಮೆಂಟ್ ಹಾಕ್ಸಿ ಒಂದು ಮಳಿಗೆ ಎತ್ಬಿಡ್ತೀನಿ. ಹಿಂದಿನ ರೂಮಿನ ಹಂಪಣ್ಣ ಗಾರೆ ಕೆಲಸದೋನೇ. ಮಾತಾಡಿದೀನಿ."

"ಬೇಡ," ಎಂದಳು ಸುಕನ್ಯ.

ಎಲ್ಲರೂ ತಟ್ಟೆ ಬಿಟ್ಟು ಅವಳತ್ತ ನೋಡಿದರು. ಬೇಕು, ಬೇಡ ಎನ್ನುವುದನ್ನೇ ಮರೆತಿದ್ದ ಹೆಂಗಸು.

"ಯಾಕೆ ಬೇಡ?"

"ನಾನು ಅಲ್ಲಿ ನಿಂತ್ಕೊಳ್ತೀನಿ."

"ನಿಂತ್ಕೊಳ್ಳೋಕೆ ಜಾಗ ಬೇಕಾ? ಮಹಡಿ ಮೇಲೆ ನಿಂತ್ಕೋ."

"ಅಲ್ಲಿ ಬಾಡಿಗೆಯವರ ಬಟ್ಟೆ ಇರುತ್ತೆ."

ಮುನೀಂದ್ರ ಕೆಟ್ಟವನಲ್ಲ. ಹೆಂಡತಿ ಇಷ್ಟು ದಿನದ ಮೇಲೆ ಬಾಯಿಬಿಟ್ಟು ಒಂದು ಕೇಳಿದ್ದಾಳಲ್ಲ ಎಂದು ಕೈ ತೊಳೆಯುತ್ತ ಯೋಚಿಸಿದ. "ಯುಗಾದಿವರೆಗೆ ಟೈಮು. ಟ್ಯಾಂಕರ್ ನೀರು ಒಂದ್ ಚೊಂಬು ಗಿಡಕ್ಕೆ ಹೋಗ್ಬಾರ್ದು. ಅಷ್ಟರಲ್ಲಿ ನಾಲ್ಕು ಜನ ನಿಂತು ನೋಡೋ ಹಂಗೆ ಅಂಗಳ ಇದ್ರೆ ನಿಂದು. ಕಡ್ಡಿ ಪುಳ್ಳೆ ನಿಂತಿದ್ರೆ ನಂದು."

ಆ ಭಾನುವಾರ ಅತ್ತೆ, ಸೊಸೆ, ಮೊಮ್ಮಗಳು ಆಟೋ ಹತ್ತಿ ವಿಮಾನಪುರದ ರಸ್ತೆ ಬದಿಯ ಫಹೀಮ್‌ನ ನರ್ಸರಿಗೆ ಹೋದರು. ಮಾರಕ್ಕನನ್ನು ಯಾರೂ ಕರೆದಿರಲಿಲ್ಲ. ಗಿಡ ಕೊಳ್ಳುವ ಕಡೆ ತಾನಿಲ್ಲದಿದ್ದರೆ ಹೇಗೆ ಎಂದು ಅವಳೇ ಸೆರಗು ಸಿಕ್ಕಿಸಿಕೊಂಡು ಹೊರಟಿದ್ದಳು.

"ನೀರು ಕೇಳದ ಗಿಡಾನಾ? ಬನ್ನಿ ಅಕ್ಕ," ಎಂದ ಫಹೀಮ್. "ಇದು ಅಡೇನಿಯಂ. ಹೂವು ನೋಡಿ, ಏನು ಕೆಂಪು! ವಾರಕ್ಕೆ ಒಂದ್ ಲೋಟ ಹಾಕಿ. ಮರ್ತೋದ್ರೂ ಬೇಜಾರು ಮಾಡ್ಕೊಳಲ್ಲ."

ಪ್ರಿಯದರ್ಶಿನಿ ಆಗಲೇ ಫೋಟೊ ತೆಗೆಯುತ್ತಿದ್ದಳು. ಮಾರಕ್ಕ ಒಂದು ಎಲೆ ಚಿವುಟಿದಳು. ಬಿಳಿ ಹಾಲು ಒಸರಿತು.

"ಹಾಲು ಸುರಿಸೋ ಗಿಡ ಬಾಗಿಲ ಮುಂದೆ ಬ್ಯಾಡ."

"ಹೋಗ್ಲಿ, ಕಾಗದದ ಹೂವು?"

"ಮುಳ್ಳು."

"ಕಣಗಲೆ?"

"ಅದೂ ಹಾಲೇ. ಸಾಲದ್ದಕ್ಕೆ ವಿಷ ಬೇರೆ."

"ಅಜ್ಜಿ, ಸ್ನೇಕ್ ಪ್ಲಾಂಟ್ ತಗೊಳೋಣ," ಎಂದಳು ಮೊಮ್ಮಗಳು. "ಎಲ್ರೂ ಬೆಡ್‌ರೂಮಲ್ಲೇ ಇಟ್ಕೊಳ್ತಾರೆ."

"ಹಂಗಂದ್ರೆ?"

"ಹಾವಿನ ಗಿಡ."

"ನಾಗಪ್ಪಂಗೆ ಕಟ್ಟೆ ಹತ್ರ ಹೋಗಿ ಕೈ ಮುಗೀತೀವಿ. ಮನೆಗೆ ಕರ್ಕೊಂಡ್ ಬರಲ್ಲ."

ಫಹೀಮ್ ನಕ್ಕುಬಿಟ್ಟ. "ನೀರು ಬೇಡ ಅನ್ನೋ ಗಿಡಕ್ಕೆ ಒಂದೋ ಮುಳ್ಳು, ಇಲ್ಲಾಂದ್ರೆ ಹಾಲು ಇರುತ್ತೆ ಅಜ್ಜಿ. ಅದೂ ಬದುಕ್ಬೇಕಲ್ವಾ?"

ಕೊನೆಗೆ ಲೋಳೆಸರ, ಒಂದಿಷ್ಟು ಟೇಬಲ್ ರೋಸು ಮಾರಕ್ಕನ ಕಾನೂನಿನಿಂದ ಪಾರಾಗಿ ಆಟೋ ಹತ್ತಿದವು. ಬಂದು ಏನು ಭಾಗ್ಯ? ಮಾರಕ್ಕ ಜೀವಮಾನವೆಲ್ಲ ಹೂವಿನ ಮಡಿಗೆ ನೀರು ತಿರುಗಿಸಿದ ಹೆಂಗಸು. ಬೆಳಗ್ಗೆ ಮುಖ ತೊಳೆದ ನೀರು, ತಟ್ಟೆ ಬಳಿದ ನೀರು, ಕುಡಿದು ಮಿಕ್ಕಿದ ನೀರು, ಎಲ್ಲವನ್ನೂ ತಂದು ಬುಡಕ್ಕೆ ಸುರಿದಳು. ಲೋಳೆಸರ ಕೊಳೆತು ಮೆತ್ತಗಾಯಿತು. ಟೇಬಲ್ ರೋಸೂ ಅದರ ದಾರಿಯನ್ನೇ ಹಿಡಿಯಿತು.

"ಅಜ್ಜಿ! ನೀರು ಹಾಕಿದ್ರೇನೇ ಸಾಯೋ ಗಿಡ ಅದು," ಎಂದು ಪ್ರಿಯದರ್ಶಿನಿ ಕೂಗಾಡಿದಳು.

"ಗಿಡ ಬಾಯಾರ್ಕೊಂಡು ನಿಂತಿದ್ರೆ ಅದರ ಮುಂದೆ ನಾನು ಬಾಯಿ ಮುಕ್ಕಳಿಸ್ಕೊಂಡು ಹೋಗ್ಲಾ? ಮನುಷ್ಯರಲ್ವಾ ನಾವು?"

ಸುಕನ್ಯ ಕೊಳೆತದ್ದನ್ನೆಲ್ಲ ಬಳಿದು ಕಸದ ಬುಟ್ಟಿಗೆ ಹಾಕಿದಳು. ಅಂಗಳ ಮತ್ತೆ ಬರಿದಾಯಿತು. ಅಯ್ಯೋ ಎನ್ನಿಸಬೇಕಿತ್ತು, ಅನ್ನಿಸಲಿಲ್ಲ.

ಸಂಕ್ರಾಂತಿಯ ಮಾರನೆಯ ದಿನ ಹಿರಿಯರನ್ನು ಹೂತ ಗುಡ್ಡೆಗೆ ಹೋಗಿ ಎಡೆ ಇಡುವುದು ಆ ಮನೆಯ ಪದ್ಧತಿ. ಊರಿನ ಹಳೇ ಮಸಣದ ಸುತ್ತ ಈಗ ಅಪಾರ್ಟ್‌ಮೆಂಟುಗಳು ಎದ್ದಿವೆ, ಬಾಲ್ಕನಿಗಳಲ್ಲಿ ಜನ ಟೀ ಕುಡಿಯುತ್ತ ನಿಂತಿರುತ್ತಾರೆ. ಮುದ್ದೆ, ಹಿತಕಿದ ಬೇಳೆ ಸಾರು, ಒಂದು ಕಟ್ಟು ಬೀಡಿ ಇಟ್ಟು ಊದುಕಡ್ಡಿ ಹಚ್ಚಿದರು. ಮಾರಕ್ಕ ಗುಡ್ಡೆಯ ಮಣ್ಣು ಸವರುತ್ತ, "ಬುಟ್ಟಿ ಹೊತ್ಕೊಂಡು ಹೋದೋರು ಬರ್ದಂಗೆ ಹೋದ್ರಲ್ಲಪ್ಪೋ" ಎಂದು ದನಿಯೆತ್ತಿ ಅತ್ತಳು. ಮುನೀಂದ್ರ ಕಣ್ಣೊರೆಸಿಕೊಂಡ. ಸುಕನ್ಯ ತನಗೂ ಅಳು ಬರಲಿ ಎಂದು ಕಾದಳು. ಬರಲಿಲ್ಲ. ಕಣ್ಣು ಬೇರೆ ಏನನ್ನೋ ನೋಡುತ್ತಿತ್ತು.

ಗುಡ್ಡೆಗಳ ಸಂದಿಯಲ್ಲೆಲ್ಲ ನಿತ್ಯಪುಷ್ಪ. ತಿಳಿಗುಲಾಬಿ, ಬಿಳಿ, ನಡುವೆ ಕೆಂಪು ಬೊಟ್ಟಿಟ್ಟ ಬಿಳಿ. ಕಾಲಡಿಯ ನೆಲ ಬಿರುಕು ಬಿಟ್ಟಿತ್ತು, ಗಿಡಗಳು ಮಾತ್ರ ತೊಳೆದಿಟ್ಟಷ್ಟು ಹಸಿರು. ಯಾರೂ ನೀರು ಹಾಕಿಲ್ಲ. ಮುಳ್ಳಿಲ್ಲ. ಎಲೆ ಚಿವುಟಿ ನೋಡಿದಳು, ಹಾಲೂ ಒಸರಲಿಲ್ಲ. ಉಳಿದವರು ಕೈಮುಗಿದು ಕಣ್ಣು ಮುಚ್ಚಿದ್ದಾಗ ಸುಕನ್ಯ ಬಗ್ಗಿ, ಮಾವನ ಗುಡ್ಡೆಯ ಪಕ್ಕದ ಸಸಿಗಳನ್ನು ಮಣ್ಣಿನ ಸಮೇತ ಕಿತ್ತು ಖಾಲಿಯಾಗಿದ್ದ ಸಾರಿನ ಪಾತ್ರೆಗೆ ತುಂಬಿಕೊಂಡು, ಮೇಲೆ ಬಾಳೆಲೆ ಮುಚ್ಚಿದಳು.

ಮಸಣದಿಂದ ಒಡೆದ ತೆಂಗಿನಕಾಯಿಯ ಹೋಳನ್ನೂ ವಾಪಸ್ಸು ತರುವುದಿಲ್ಲ. ಹೊರಗೇ ಕಾಲು ತೊಳೆದು, ತಲೆಗೆ ಸ್ನಾನ ಮಾಡದೆ ಹೊಸ್ತಿಲು ದಾಟುವುದಿಲ್ಲ. ಇದು ಸುಕನ್ಯಳಿಗೆ ಗೊತ್ತಿರಲಿಲ್ಲವೆಂದಲ್ಲ, ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಸೊಪ್ಪು ಕಿತ್ತಷ್ಟೇ ಸಲೀಸಾಗಿ ಕಿತ್ತಿದ್ದಳು. ಮನೆಗೆ ಬಂದರೆ ಟ್ಯಾಂಕರ್ ಬಂದಿರಲಿಲ್ಲ, ತೊಟ್ಟಿಯ ತಳದಲ್ಲಿ ಒಂದಿಷ್ಟು ನೀರು.

"ತಲೆ ಮೇಲೆ ಚಿಮುಕಿಸ್ಕೊಂಡು ಒಳಗೆ ನಡೀರಿ," ಎಂದಳು ಮಾರಕ್ಕ. "ನೀರಿಲ್ಲ ಅಂತ ಹೋದ ಹಿರೀಕರಿಗೂ ಗೊತ್ತು."

ಸಂಜೆ ಸಸಿಗಳು ಅಂಗಳ ಸೇರಿದವು. ಎಲ್ಲಿಂದ ತಂದೆ ಎಂದು ಯಾರೂ ಕೇಳಲಿಲ್ಲ. ಫಹೀಮ್‌ನ ಹತ್ತಿರದ್ದೇ ಎಂದುಕೊಂಡರು.

ಫೆಬ್ರವರಿ ಬಂತು, ಮಾರ್ಚ್ ಬಂತು. ನೀರಿನ ಜಗಳ ಮನೆಮನೆಗೂ ಹತ್ತಿತು. ತಟ್ಟೆ ತೊಳೆಯುವುದು ತಪ್ಪಲಿ ಎಂದು ಮುನೀಂದ್ರ ಮುತ್ತುಗದ ಇಸ್ತ್ರಿ ಎಲೆಯ ಕಟ್ಟು ತಂದ. "ದಿನಾ ತಿಥಿ ಊಟದಂಗೆ ಐತೆ," ಎಂದು ಮಾರಕ್ಕ ಗೊಣಗಿದಳು. ಬಾಡಿಗೆಯವರಿಗೆ ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ನಲ್ಲಿ. ಪ್ರಿಯದರ್ಶಿನಿ ತಲೆ ಸ್ನಾನ ಮಾಡಿದ್ದಕ್ಕೆ ಅಪ್ಪನಿಗೂ ಮಗಳಿಗೂ ಎರಡು ದಿನ ಮಾತು ಬಿಟ್ಟಿತು.

ಅಂಗಳದಲ್ಲಿ ಮಾತ್ರ ನಿತ್ಯಪುಷ್ಪ ಹಠ ಹಿಡಿದಂತೆ ಹೂ ಬಿಟ್ಟಿತು. ನಡುಮಧ್ಯಾಹ್ನ ಎಲೆ ಸ್ವಲ್ಪ ಮುದುರಿದರೂ ಸಂಜೆಗೆ ನೆಟ್ಟಗೆ. ಈ ಸಲ ಮಾರಕ್ಕನ ಕೈಯಲ್ಲಿ ಸುರಿಯಲು ನೀರೇ ಇರಲಿಲ್ಲವಾದ್ದರಿಂದ ಗಿಡಗಳು ಬದುಕಿದವು ಎನ್ನಬೇಕು. ಬೀದಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಸುಕನ್ಯ ಮತ್ತೆ ಕಾಫಿ ಲೋಟ ಹಿಡಿದು ಅಲ್ಲಿ ನಿಲ್ಲತೊಡಗಿದಳು. ಕಾಫಿಗೆ ಸಕ್ಕರೆ ಇದೆಯೋ ಇಲ್ಲವೋ ಈಗಲೂ ತಿಳಿಯುತ್ತಿರಲಿಲ್ಲ.

ಒಂದು ಬೆಳಗ್ಗೆ ನೋಡುತ್ತಾಳೆ, ಮಾರಕ್ಕ ತಟ್ಟೆ ಹಿಡಿದು ಹೂ ಬಿಡಿಸುತ್ತಿದ್ದಾಳೆ.

"ಯಾಕತ್ತೆ?"

"ದೇವ್ರಿಗೆ. ಮಾರ್ಕೆಟ್ಟಲ್ಲಿ ಹೂವಿನ ರೇಟು ಕೇಳಿದ್ಯಾ? ಅಂಗಳದಲ್ಲೇ ಇಟ್ಕೊಂಡು ಅಲ್ಲಿಗ್ಯಾಕೆ ಓಡ್ಲಿ?" ಎಂದವಳು ಸ್ವಲ್ಪ ತಡೆದು, "ನಿನ್ ಕೈಗುಣ ಒಳ್ಳೇದು ಕಣೆ," ಎಂದಳು.

ಹೇಳಿಬಿಡಬೇಕೆಂದು ಸುಕನ್ಯ ಬಾಯಿ ತೆರೆದಿದ್ದಳು. ದೀಪಾವಳಿಯಿಂದೀಚೆಗೆ ಅತ್ತೆಯ ಬಾಯಿಂದ ಬಂದ ಮೊದಲ ಒಳ್ಳೆಯ ಮಾತು ಅದು. ತೆರೆದ ಬಾಯಿ ಮುಚ್ಚಿಕೊಂಡಳು. ಅಂದಿನಿಂದ ಮುನೇಶ್ವರನ ಪಟಕ್ಕೆ, ಲಕ್ಷ್ಮಿಯ ಪಟಕ್ಕೆ, ಹಜಾರದ ಗೋಡೆಯ ಮೇಲಿನ ದೊಡ್ಡಮುನಿಯಪ್ಪನ ಫೋಟೊಗೆ ದಿನವೂ ಅವೇ ಹೂವು.

ಯುಗಾದಿ ಇನ್ನೊಂದು ವಾರವಿದೆ ಎನ್ನುವಾಗ ಮುನೀಂದ್ರ ಸ್ಕೂಟರ್ ನಿಲ್ಲಿಸಿ, ಹೆಲ್ಮೆಟ್ ತೆಗೆದು ಅಂಗಳವನ್ನು ಒಮ್ಮೆ ನೋಡಿದ.

"ಆಯ್ತಮ್ಮ, ಗೆದ್ದೆ. ಹಂಪಣ್ಣಂಗೆ ಬೇಡ ಅಂತ ಹೇಳ್ತೀನಿ."

"ಹೂಂ," ಎಂದಳು ಸುಕನ್ಯ.

"ಹೂಂ ಅಷ್ಟೇನಾ? ಒಂಚೂರು ನಗೋದಲ್ವಾ?"

ಅವಳು ನಗಲು ನೋಡಿದಳು.

ಅದಾದ ಮರುದಿನ ಹಂಪಣ್ಣನ ಹೆಂಡತಿ ಸುಭದ್ರಮ್ಮ ಬಿಂದಿಗೆ ಇಟ್ಟುಕೊಂಡು ನಲ್ಲಿಗೆ ಕಾಯುತ್ತಿದ್ದಳು. ಕೊಪ್ಪಳದ ಕಡೆಯವಳು, ಮನಸ್ಸಿನಲ್ಲಿ ಒಂದು ಇಟ್ಟುಕೊಂಡು ಇನ್ನೊಂದು ಮಾತಾಡುವವಳಲ್ಲ.

"ಭಾಳ ಚಂದ ಅದಾವ್ರಿ ಅಕ್ಕಾರ. ಆದ್ರ ನಮ್ಮ ಕಡೆ ಇವನ್ನ ಮನಿ ಮುಂದ ಹಚ್ಚಂಗಿಲ್ಲ. ಮಸಣದಾಗ ಬೆಳಿತಾವಲ್ರಿ."

"ಗಿಡಕ್ಕೆ ಯಾವ ಮಸಣಾನಮ್ಮ," ಎಂದು ಮಾರಕ್ಕ ನಕ್ಕಳು. ಅಂಗೈ ತುಂಬ ಹೂವಿತ್ತು. "ನರ್ಸರಿಯಲ್ಲಿ ಕಾಸು ಕೊಟ್ಟು ತಂದಿರೋದು. ಅಲ್ವೇನೆ ಸುಕನ್ಯ? ಆ ಫಹೀಮನ ಹತ್ರ ತಾನೆ?"

ಹೌದು ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಸುಳ್ಳು ಹೇಳಲೂ ಮೈಯಲ್ಲಿ ಕಸುವು ಬೇಕು.

"ಇಲ್ಲತ್ತೆ. ಸಂಕ್ರಾಂತಿಲಿ ಹೋಗಿದ್ವಲ್ಲ, ಮಾವನ ಗುಡ್ಡೆ ಪಕ್ಕದಿಂದ ಕಿತ್ಕೊಂಡು ಬಂದೆ."

ಮಾರಕ್ಕ ಅಂಗೈಯನ್ನು ಮಣ್ಣಿಗೆ ಬೋರಲು ಮಾಡಿದಳು. ಸೆರಗಿಗೆ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು.

"ದೇವ್ರಿಗೆ ಇಕ್ತಿದ್ನಲ್ಲೇ ದಿನಾ! ನೋಡ್ಕೊಂಡು ನಿಂತಿದ್ಯಲ್ಲೇ!"

"ಹೌದು."

"ಹೌದಂತೆ! ಕೇಳಿದ್ಯಾ ಸುಭದ್ರಮ್ಮ, ಹೌದಂತೆ!"

ಸುಭದ್ರಮ್ಮ ಬಿಂದಿಗೆಯನ್ನು ಅಲ್ಲೇ ಬಿಟ್ಟು ಒಳಗೆ ಹೋದಳು.

ರಾತ್ರಿ ಊಟಕ್ಕೆ ಎಲೆ ಹಾಕಿದರೆ ಮಾರಕ್ಕ ಬರಲಿಲ್ಲ. ದೇವರ ಮನೆಯನ್ನು ಇದ್ದ ನೀರಿನಲ್ಲೆಲ್ಲ ತೊಳೆದು, ಬಾಗಿಲ ಬಳಿ ಕೂತಿದ್ದಳು.

"ಬುದ್ಧಿ ನೆಟ್ಟಗೈತೇನೆ ನಿಂಗೆ?" ಎಂದು ಮುನೀಂದ್ರ ಕೂಗಿದ. "ಸಣ್ಣ ಮಗೂಗೂ ಗೊತ್ತಿರುತ್ತೆ ಅಲ್ಲಿಂದ ಏನೂ ತರಬಾರ್ದು ಅಂತ."

"ಗಿಡಕ್ಕೇನು ಗೊತ್ತಪ್ಪಾ, ತಾನು ಎಲ್ಲಿ ಹುಟ್ಟಿದೆ ಅಂತ?" ಎಂದಳು ಪ್ರಿಯದರ್ಶಿನಿ.

"ನೀನು ಬಾಯ್ಮುಚ್ಚು."

"ಅವತ್ತು ಯಾರು ಸ್ನಾನ ಮಾಡಿದ್ವಿ? ಚಿಮುಕಿಸ್ಕೊಳ್ಳಿ ಸಾಕು ಅಂದಿದ್ದು ಅಜ್ಜೀನೇ. ಅದು ಪರವಾಗಿಲ್ವಾ?"

"ಅದು ಬೇರೆ," ಎಂದಳು ಮಾರಕ್ಕ. "ನೀರಿರ್ಲಿಲ್ಲ."

"ಅಮ್ಮ ಈ ಗಿಡ ತಂದಿದ್ದೂ ನೀರಿಲ್ಲ ಅಂತಾನೇ ತಾನೆ?"

ಮಾರಕ್ಕ ದೇವರ ಮನೆಯತ್ತ ತಿರುಗಿ ಶುರು ಮಾಡಿದಳು. "ಮಗಳ ತರ ನೋಡ್ಕೊಂಡ್ರು ಆ ಮನುಷ್ಯ. ಅವರನ್ನ ಎತ್ಕೊಂಡು ಹೋಗುವಾಗ ಒಂದು ಹನಿ ಕಣ್ಣೀರು ಹಾಕ್ಲಿಲ್ಲ ಇವಳು. ಬಂದ ನೆಂಟ್ರೆಲ್ಲ ನನ್ನನ್ನ ಕೇಳಿದ್ರು. ಈಗ ಮಸಣಾನೇ ಮನೆಗೆ ತಂದವ್ಳೆ."

"ನಿಂಗೆ ಒಂಚೂರೂ ಏನೂ ಅನ್ನಿಸ್ಲಿಲ್ವಾ?" ಎಂದ ಮುನೀಂದ್ರ. ಈಗ ದನಿ ತಗ್ಗಿತ್ತು.

"ಇಲ್ಲ ರೀ. ಕೀಳುವಾಗ್ಲೂ ಅನ್ನಿಸ್ಲಿಲ್ಲ, ಅತ್ತೆ ಪೂಜೆ ಮಾಡುವಾಗ್ಲೂ ಅನ್ನಿಸ್ಲಿಲ್ಲ. ಮಾವ ಹೋದ್ಮೇಲೆ ನಂಗೆ ಏನೂ ಅನ್ನಿಸ್ತಿಲ್ಲ. ಬೈರಿ, ಹೊಡೀರಿ, ಏನೂ ಗೊತ್ತಾಗ್ತಿಲ್ಲ. ನಿಂತ್ಕೊಳ್ಳೋಕೆ ಒಂದು ಜಾಗ ಇರ್ಲಿ ಅಂತಿತ್ತು ಅಷ್ಟೇ."

ಮುನೀಂದ್ರ ಎಲೆ ಮಡಚಿ ಎದ್ದ. "ನಾಳೆ ಹಂಪಣ್ಣ ಕೆಲಸ ಶುರು ಮಾಡ್ತಾನೆ. ಬೆಳಗ್ಗೆ ಎಲ್ಲಾ ಕಿತ್ತು ಕಸದ ಗಾಡಿಗೆ ಹಾಕು."

"ಕಸದ ಗಾಡಿಗೆ ಬ್ಯಾಡ," ಎಂದಳು ಮಾರಕ್ಕ, ಕೂತಲ್ಲಿಂದಲೇ. "ಎಲ್ಲಿಂದ ಬಂದ್ವೋ ಅಲ್ಲಿಗೇ ಹೋಗ್ಲಿ."

ಬೆಳಗ್ಗೆ ಸುಕನ್ಯ ಗಿಡಗಳನ್ನು ಒಂದೊಂದಾಗಿ ಬುಡ ಬಿಡಿಸಿ ತೆಗೆದು ಬುಟ್ಟಿಗೆ ತುಂಬಿದಳು. ಗೇಟಿನ ಹೊರಗೆ ಜಲ್ಲಿ, ಮರಳು ಬಂದು ಬಿದ್ದಿತ್ತು. ಹಂಪಣ್ಣ ಅವಳು ಮುಗಿಸುವವರೆಗೆ ಬೀಡಿ ಹಚ್ಚಿಕೊಂಡು ಬೇರೆ ಕಡೆ ನೋಡುತ್ತ ನಿಂತಿದ್ದ. ಆಟೋದಲ್ಲಿ ಬುಟ್ಟಿ ಇಟ್ಟು ಹತ್ತಿದರೆ ಇನ್ನೊಂದು ಬದಿಯಿಂದ ಮಾರಕ್ಕನೂ ಹತ್ತಿ ಕೂತಳು.

ಮಾವನ ಗುಡ್ಡೆಯ ಸುತ್ತ ಸುಕನ್ಯ ಕಳೆ ಕೀಳುವ ಕುರ್ಚಿಗೆಯಿಂದ ಸಣ್ಣ ಸಣ್ಣ ಗುಂಡಿ ತೋಡಿ ಗಿಡ ಊರುತ್ತ ಹೋದಳು. ಮಾರಕ್ಕ ಪಕ್ಕದ ಕಲ್ಲಿನ ಮೇಲೆ ಕೂತು ನೋಡುತ್ತಿದ್ದಳು. ಬುಟ್ಟಿಯಲ್ಲಿ ಇನ್ನೂ ಅರ್ಧ ಉಳಿದಿತ್ತು.

"ಮಿಕ್ಕಿದ್ದನ್ನ ಇಲ್ಲಿ ಹಾಕು," ಎಂದು ಮಾರಕ್ಕ ಗುಡ್ಡೆಯ ಎಡಕ್ಕೆ ಖಾಲಿ ಬಿದ್ದಿದ್ದ ನೆಲವನ್ನು ಕಾಲಿನಿಂದ ತೋರಿಸಿದಳು.

"ಇಲ್ಲಿ ಯಾರೂ ಇಲ್ವಲ್ಲತ್ತೆ."

"ನಾನ್ ಬತ್ತೀನಲ್ಲ. ನಿನ್ ಗಂಡಂಗೆ ಹೇಳಿ ಇಟ್ಟಿದೀನಿ, ಈ ಜಾಗ ನಂದು."

ಸುಕನ್ಯ ಗುಡ್ಡೆಗೆ ಒತ್ತಿಕೊಂಡಂತೆ ಒಂದು ಗುಂಡಿ ಶುರು ಮಾಡಿದಳು.

"ಅಷ್ಟು ಹತ್ರ ಬ್ಯಾಡ. ಜೀವಮಾನ ಪೂರ್ತಿ ಗೊರಕೆ ಕೇಳಿದೀನಿ. ಒಂದ್ ಮೊಳ ಈಚೆಗೆ ಬಾ."

ಸುಕನ್ಯ ಒಂದು ಮೊಳ ಈಚೆಗೆ ಬಂದಳು. ನೆಲ ಕಲ್ಲಿನಂತಿತ್ತು, ಕುರ್ಚಿಗೆ ಇಳಿಯುತ್ತಿರಲಿಲ್ಲ.

"ಗಂಡಸ್ರು ಅಂಗಳಕ್ಕೆ ಸಿಮೆಂಟ್ ಹಾಕ್ಕೊಳ್ಲಿ," ಎಂದಳು ಮಾರಕ್ಕ. "ನನ್ ಮೇಲೆ ಹಾಕ್ಸೋಕೆ ನೀನು ಬಿಡ್ಬ್ಯಾಡ. ಮಣ್ಣೇ ಇರ್ಲಿ. ಕಾಫಿ ಫ್ಲಾಸ್ಕಲ್ಲಿ ತಂದ್ಕೊಂಡು ಬಂದು ನಿಂತ್ಕೋ. ಇಲ್ಲಿ ಯಾರೂ ಕೂಗಲ್ಲ ನಿನ್ನ."

ಕುರ್ಚಿಗೆ ಮಣ್ಣಿನಲ್ಲಿ ನಿಂತಿತು. ಎಲ್ಲಿಂದ ಬಂತೋ ಅಳು. ತಡೆಯಲು ಹೋದಳು, ಆಗಲಿಲ್ಲ. ಸುಕನ್ಯ ಮಂಡಿಯೂರಿದ್ದವಳು ಹಾಗೆಯೇ ಮುಂದಕ್ಕೆ ಬಾಗಿ, ಮಣ್ಣಾದ ಕೈಯಿಂದಲೇ ಮುಖ ಮುಚ್ಚಿಕೊಂಡು, ಬಾಲ್ಕನಿಯಲ್ಲಿದ್ದವರು ಬಗ್ಗಿ ನೋಡುವಷ್ಟು ಜೋರಾಗಿ ಅತ್ತಳು.

ಮಾರಕ್ಕ ಕಲ್ಲಿನಿಂದ ಏಳಲಿಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಅಳು ಇಳಿಯುವವರೆಗೆ ಕಾದಳು.

"ಸಾಕು ಬಿಡೆ. ನಾನಿನ್ನೂ ಸತ್ತಿಲ್ಲ. ಬಿಸ್ಲೇರ್ತಾ ಐತೆ, ಗಿಡ ಬಾಡೋಗ್ತವೆ. ಹಾಕು."